ಕಾಲಿಗೆ ಬಿಡುವು, ಕಣ್ಣಿಗಲ್ಲ

ಚಾಲಕನು ಗೊತ್ತುಪಡಿಸಿದ ವೇಗದಲ್ಲಿ ಸಾಗುತ್ತ, ಮುಂದಿನ ವಾಹನ ನಿಧಾನಿಸಿದರೆ ತಾನೂ ನಿಧಾನಿಸಿ, ಅದು ಮುಂದೆ ಸರಿದರೆ ಮತ್ತೆ ವೇಗ ಹೆಚ್ಚಿಸಿಕೊಂಡು, ನಡುವಿನ ಅಂತರವನ್ನು ತಾನೇ ಕಾಯ್ದುಕೊಳ್ಳುವ ವ್ಯವಸ್ಥೆಗೆ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಎಂದು ಹೆಸರು. ಗಾಜಿನ ಮೇಲೆ ಹನಿ ಬಿದ್ದುದನ್ನು ಗುರುತಿಸಿ, ಯಾರೂ ಕೈಯಾಡಿಸದಿದ್ದರೂ ಬೀಸತೊಡಗುವುದು ಆಟೊಮ್ಯಾಟಿಕ್ ವೈಪರ್. ಮೊದಲನೆಯದು ಭಾರತದಲ್ಲಿ ಬಹುಕಾಲ ದುಬಾರಿ ಕಾರುಗಳ ಸೊತ್ತಾಗಿತ್ತು. 2021ರಲ್ಲಿ ಮಹೀಂದ್ರ ಎಕ್ಸ್‌ಯುವಿ700 ಬಂದ ಮೇಲೆ ಒಂದೊಂದೇ ಕಂಪನಿ ಅದನ್ನು ಮಧ್ಯಮವರ್ಗದ ಕಾರುಗಳಿಗೂ ಇಳಿಸಿದ್ದರಿಂದ, ಭತ್ತದ ವ್ಯಾಪಾರದಲ್ಲಿ ಕೈ ತುಂಬಿದ ಗಂಗಾವತಿಯ ಕುಟುಂಬವೂ ಕೊಪ್ಪಳದ ಸರ್ಕಾರಿ ನೌಕರನೂ ಇಂದು ಈ ಎರಡು ಸಲಕರಣೆಗಳೊಡನೆ ಬದುಕುತ್ತಿದ್ದಾರೆ. ಅವುಗಳ ಜೊತೆಗೆ ಒಂದು ಅಭಿಪ್ರಾಯವೂ ಮಾರಾಟವಾಗಿದೆ: ಯಂತ್ರವು ಚಾಲಕನ ಹೊರೆಯನ್ನು ಇಳಿಸುತ್ತದೆ, ಹೊರೆ ಇಳಿದಷ್ಟೂ ಪ್ರಯಾಣ ಸುರಕ್ಷಿತವಾಗುತ್ತದೆ, ಎಲ್ಲಿಯಾದರೂ ಯಂತ್ರ ಎಡವಿದರೆ ಅದು ನಮ್ಮ ಹಾಳು ರಸ್ತೆಯ ದೋಷವೇ ಹೊರತು ಯಂತ್ರದ್ದಲ್ಲ. ಮಳಿಗೆಯಲ್ಲಿ ಮಾರುವವನು ಹೇಳಿದ ಈ ಮಾತನ್ನು ಕೊಂಡವನು ಮನೆಯಲ್ಲಿ ಹೇಳುತ್ತಾನೆ, ಮನೆಯವರು ಮದುವೆಯ ಪಂಕ್ತಿಯಲ್ಲಿ ಹೇಳುತ್ತಾರೆ. ಹೀಗೆ ಬಾಯಿಂದ ಬಾಯಿಗೆ ದಾಟುವಾಗ ಅದನ್ನು ಯಾರೂ ಪರೀಕ್ಷಿಸಿದಂತಿಲ್ಲ.

ವಿಜಯಪುರ-ಕುಷ್ಟಗಿಗಳ ಕಡೆಯಿಂದ ಬರುವ 50ನೆಯ ರಾಷ್ಟ್ರೀಯ ಹೆದ್ದಾರಿಯೂ ಹುಬ್ಬಳ್ಳಿ-ಗದಗ-ಕೊಪ್ಪಳಗಳ ಕಡೆಯಿಂದ ಬರುವ 67ನೆಯದೂ ತುಂಗಭದ್ರೆಯನ್ನು ದಾಟಿ ಹೊಸಪೇಟೆಯತ್ತ ಸಾಗುವುದು ಕೊಪ್ಪಳ ಜಿಲ್ಲೆಯ ಮುನಿರಾಬಾದಿನ ಬಳಿಯಲ್ಲಿ. ಅಗಲವಾದ ಹೆದ್ದಾರಿ, ಕಾಲುವೆ ಸೀಮೆಯ ಇಕ್ಕಟ್ಟಾದ ಊರದಾರಿ, ಬೆದ್ದಲು ಸೀಮೆಯ ನೇರ ರಸ್ತೆ ಈ ಮೂರೂ ಒಂದು ಗಂಟೆಯ ಪ್ರಯಾಣದೊಳಗೆ ಸಿಗುವುದರಿಂದ, ಮೇಲಿನ ಅಭಿಪ್ರಾಯವನ್ನು ಒರೆಗೆ ಹಚ್ಚಲು ಇದಕ್ಕಿಂತ ತಕ್ಕ ನೆಲೆ ಸಿಗುವುದು ಕಷ್ಟ. ಇನ್ನೂ ಒಂದು ಕಾರಣವಿದೆ. ಕಾರಿನ ಈ ಯಂತ್ರದ ಹಿರಿಯ ದಾಯಾದಿಯೊಂದು ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿನ ಬುಡದ ವಿದ್ಯುದಾಗಾರದಲ್ಲಿ ಅರುವತ್ತು ವರ್ಷಗಳಿಂದ ದುಡಿಯುತ್ತಿದೆ.

ಆ ದಾಯಾದಿಯ ಹೆಸರು ಗವರ್ನರ್, ರಾಜ್ಯಪಾಲರಲ್ಲ, ವೇಗಪಾಲಕ. ಜೇಮ್ಸ್ ವಾಟ್ 1788ರಲ್ಲಿ ಉಗಿ ಎಂಜಿನ್ನಿಗೆ ಅಳವಡಿಸಿದ ಈ ಸಾಧನದಲ್ಲಿ, ಎಂಜಿನ್ ಬಿರುಸಾಗಿ ತಿರುಗಿದಾಗ ಎರಡು ಗುಂಡುಗಳು ಅಗಲಕ್ಕೆ ಹಾರಿ ಉಗಿಯ ದಾರಿಯನ್ನು ಕಿರಿದುಗೊಳಿಸುತ್ತಿದ್ದವು, ನಿಧಾನಿಸಿದಾಗ ಕೆಳಗಿಳಿದು ಹಿಗ್ಗಿಸುತ್ತಿದ್ದವು. ಜಲವಿದ್ಯುತ್ ಕೇಂದ್ರದಲ್ಲಿಯೂ ತತ್ವ ಇದೇ. ಊರಿನವರು ಪಂಪ್‌ಸೆಟ್ಟುಗಳನ್ನು ಒಮ್ಮೆಲೇ ಹಚ್ಚಿದಾಗ ಟರ್ಬೈನಿನ ಮೇಲೆ ಭಾರ ಬಿದ್ದು ಅದರ ವೇಗ ತಗ್ಗತೊಡಗುತ್ತದೆ. ಗವರ್ನರ್ ನೀರಿನ ಬಾಗಿಲನ್ನು ಅಷ್ಟೇ ಹೆಚ್ಚಿಗೆ ತೆರೆದು, ವಿದ್ಯುತ್ತಿನ ಕಂಪನವು ಸೆಕೆಂಡಿಗೆ ಐವತ್ತರ ಆಸುಪಾಸಿನಲ್ಲಿಯೇ ಉಳಿಯುವಂತೆ ನೋಡಿಕೊಳ್ಳುತ್ತದೆ. ಕಾರಿನ ಕ್ರೂಸ್ ಕಂಟ್ರೋಲ್ ಇದೇ ವಂಶದ ಕುಡಿ. ಐದನೆಯ ವಯಸ್ಸಿನಲ್ಲಿಯೇ ಕಣ್ಣು ಕಳೆದುಕೊಂಡಿದ್ದ ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್ ಅದಕ್ಕೆ 1950ರಲ್ಲಿ ಪೇಟೆಂಟ್ ಪಡೆದನು, 1958ರಲ್ಲಿ ಕ್ರೈಸ್ಲರ್ ಕಾರುಗಳಲ್ಲಿ ಅದು ಮಾರಾಟಕ್ಕೆ ಬಂದಿತು. ವೇಗದ ಏರಿಳಿತವನ್ನು ಮೈಯಿಂದಲೇ ಅರಿಯುತ್ತಿದ್ದವನೊಬ್ಬ ಕಾಲಿನ ಕೆಲಸವನ್ನು ಯಂತ್ರಕ್ಕೆ ವಹಿಸಿದ್ದರಲ್ಲಿ ವಿಚಿತ್ರವೇನಿಲ್ಲ. ನೋಡುವ ಕೆಲಸವನ್ನು ವಹಿಸಿದೆನೆಂದು ಆತ ಎಂದೂ ಹೇಳಿಕೊಳ್ಳಲಿಲ್ಲ.

ವಿದ್ಯುದಾಗಾರದ ಗವರ್ನರ್ ನೆಚ್ಚಿಕೊಳ್ಳಲು ಯೋಗ್ಯವಾದುದು ಏಕೆ ಎಂಬ ಪ್ರಶ್ನೆಗೆ ಉತ್ತರ ಅದರ ಜಾಣ್ಮೆಯಲ್ಲಿಲ್ಲ, ಅದು ಕೆಲಸ ಮಾಡುವ ಲೋಕ ಮುಚ್ಚಿದ ಲೋಕವೆಂಬುದರಲ್ಲಿದೆ. ಕೊಳವೆಯೊಳಗೆ ನೀರೊಂದೇ ಬರುತ್ತದೆ. ಕಸಕಡ್ಡಿ ಬಾರದಂತೆ ಬಾಯಿಗೆ ಜಾಲರಿ ಇರುತ್ತದೆ. ಎದುರಿನಿಂದ ಯಾರೂ ಬರುವುದಿಲ್ಲ, ಅಡ್ಡ ದಾಟುವುದಿಲ್ಲ. ಅಷ್ಟಿದ್ದೂ ಅಂಥ ಕೇಂದ್ರಗಳಲ್ಲಿ ಪಾಳಿಯ ಮೇಲೆ ಆಪರೇಟರುಗಳಿದ್ದು, ಗೊತ್ತಾದ ಹೊತ್ತಿಗೆ ಮಾಪಕಗಳನ್ನು ಓದಿ ಲಾಗ್‌ಬುಕ್ಕಿನಲ್ಲಿ ಬರೆಯುತ್ತಾರೆ, ಏಕೆಂದರೆ ತಾನೇ ನಡೆಯುವ ಯಂತ್ರವನ್ನು ಕಾಯುವುದು ಬೇರೆಯೇ ಒಂದು ಉದ್ಯೋಗವೆಂದು ಆ ವೃತ್ತಿ ಬಹಳ ಹಿಂದೆಯೇ ಕಂಡುಕೊಂಡಿದೆ. ಇದೇ ಅಣೆಕಟ್ಟಿನಲ್ಲಿ 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋದದ್ದಕ್ಕೂ ಸ್ವಯಂಚಾಲನೆಗೂ ನೇರ ಸಂಬಂಧವಿಲ್ಲ. ಆದರೆ ಎಪ್ಪತ್ತು ವರ್ಷ ತಪ್ಪದೆ ನಡೆದುಬಂದದ್ದು ಮರುದಿನವೂ ತಪ್ಪುವುದಿಲ್ಲವೆಂಬ ಭರವಸೆ ಎಂಥದೆಂಬುದು ಆ ವಾರ ತುಂಬಿದ ಹೊಳೆಯ ಮೇಲೆ ತಡೆಹಲಗೆ ಇಳಿಸುವ ಸಾಹಸವನ್ನು ನೋಡಿದ ಎರಡೂ ದಂಡೆಯ ಜನಕ್ಕೆ ಚೆನ್ನಾಗಿ ತಿಳಿದಿದೆ.

ರಸ್ತೆಯಾದರೋ ತೆರೆದ ಲೋಕ. ಅಲ್ಲಿ ವೇಗವನ್ನು ಆಳಲು ಹೊರಟ ಯಂತ್ರ ಏನನ್ನು ಕಾಣುತ್ತದೆ, ಏನನ್ನು ಕಾಣುವುದಿಲ್ಲ ಎಂಬುದನ್ನು ತುಸು ವಿವರವಾಗಿ ನೋಡಬೇಕು. ಕಾರಿನ ಮೂತಿಯಲ್ಲಿ ಅಡಗಿರುವ ರಾಡಾರ್ ಸುಮಾರು 77 ಗಿಗಾಹರ್ಟ್ಸ್ ಆವರ್ತನದ ರೇಡಿಯೊ ಅಲೆಗಳನ್ನು ಹೊರಡಿಸಿ, ಎದುರಿನ ವಸ್ತುವಿಗೆ ಬಡಿದು ಮರಳಿದ ಅಲೆ ತೆಗೆದುಕೊಂಡ ಸಮಯದಿಂದ ದೂರವನ್ನೂ, ಅದರ ಆವರ್ತನದಲ್ಲಾದ ವ್ಯತ್ಯಾಸದಿಂದ ವೇಗವನ್ನೂ ಲೆಕ್ಕ ಹಾಕುತ್ತದೆ; ರೈಲು ಹತ್ತಿರ ಬರುವಾಗ ಅದರ ಸೀಟಿಯ ದನಿ ಏರಿ, ದಾಟಿದ ಮೇಲೆ ಇಳಿಯುವ ಡಾಪ್ಲರ್ ಪರಿಣಾಮವೇ ಇದಕ್ಕೆ ಆಧಾರ. ಚಲಿಸುವ ಲಾರಿಯನ್ನು ಹೀಗೆ ಹಿಡಿಯುವುದು ಸುಲಭ. ನಿಂತ ವಸ್ತುವಿನ ಮಾತು ಬೇರೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರಿನ ದೃಷ್ಟಿಯಲ್ಲಿ ರಸ್ತೆಯ ನಾಮಫಲಕ, ಮೋರಿಯ ಕಟ್ಟೆ, ಮೇಲ್ಸೇತುವೆಯ ಕಂಬ, ಕೆಟ್ಟು ನಿಂತ ಟ್ರ್ಯಾಕ್ಟರ್ ಇವೆಲ್ಲವೂ ಒಂದೇ ವೇಗದಲ್ಲಿ ಎದುರಾಗುತ್ತಿರುತ್ತವೆ. ಪ್ರತಿಯೊಂದಕ್ಕೂ ಬ್ರೇಕು ಹಾಕಿದರೆ ಕಾರು ಮುಂದೆ ಸಾಗುವುದೇ ಇಲ್ಲವಾದ್ದರಿಂದ, ಹಲವು ವ್ಯವಸ್ಥೆಗಳಲ್ಲಿ ಹೆಚ್ಚಿನ ವೇಗದಲ್ಲಿರುವಾಗ ನಿಂತ ವಸ್ತುಗಳಿಂದ ಬಂದ ಪ್ರತಿಧ್ವನಿಯನ್ನು ಲೆಕ್ಕದಿಂದ ಬಿಟ್ಟುಬಿಡುವಂತೆ ಏರ್ಪಾಡು ಮಾಡಲಾಗಿದೆ. ಕ್ಯಾಮೆರಾ ಕೂಡಿದ ಮೇಲೆ ಈ ಕೊರತೆ ತಗ್ಗಿದೆ, ನೀಗಿಲ್ಲ. ನಿಂತ ವಾಹನಕ್ಕೆ ವ್ಯವಸ್ಥೆ ಸ್ಪಂದಿಸದೆ ಇರಬಹುದೆಂದು ತಯಾರಕರೇ ಕೈಪಿಡಿಯಲ್ಲಿ ಅಚ್ಚು ಹಾಕಿಸಿರುತ್ತಾರೆ.

ಈಗ ಹಿಟ್ನಾಳ ಕ್ರಾಸಿನಿಂದ ಗಂಗಾವತಿಯ ಕಡೆಗೆ ಸುಗ್ಗಿಯ ಕಾಲದಲ್ಲಿ ಸಾಗುವ ರಸ್ತೆಯನ್ನು ನೆನೆಯಬಹುದು. ಅಚ್ಚು ಮುರಿದ ಭತ್ತದ ಟ್ರಾಲಿಯೊಂದು ಅರ್ಧ ಡಾಂಬರಿನ ಮೇಲೆ ನಿಂತಿರುತ್ತದೆ, ಹಿಂದೆ ದೀಪವಿರುವುದಿಲ್ಲ, ಗಾಲಿಗೆ ಕಲ್ಲು ಕೊಟ್ಟು, ಇಪ್ಪತ್ತು ಹೆಜ್ಜೆ ಹಿಂದೆ ಇನ್ನೆರಡು ಕಲ್ಲಿಟ್ಟು, ಬೇವಿನದೋ ಜಾಲಿಯದೋ ಹಸಿ ಕೊಂಬೆಯೊಂದನ್ನು ಕಡಿದು ಹಾಕಿ ಚಾಲಕನು ಮೆಕ್ಯಾನಿಕ್‌ನನ್ನು ಕರೆತರಲು ಹೋಗಿರುತ್ತಾನೆ. ರಸ್ತೆಯ ನಡುವೆ ಬಿದ್ದ ಹಸಿರು ಕೊಂಬೆಯ ಅರ್ಥವೇನೆಂದು ಈ ಸೀಮೆಯ ಯಾವ ಚಾಲಕನಿಗೂ ಪಾಠ ಹೇಳಬೇಕಾಗಿಲ್ಲ. ಅದು ಬರಹವಿಲ್ಲದ ಫಲಕ. ರಾಡಾರಿನ ಪಾಲಿಗೆ ಅದು ಇಲ್ಲವೇ ಇಲ್ಲ. ಹಾಗೆಯೇ, ಯಲಬುರ್ಗಾ-ಕುಷ್ಟಗಿಗಳ ಕುರಿಗಾರರು ಕೊಯ್ಲಾದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಹಿಂಡು ನಿಲ್ಲಿಸಲು ನೀರಾವರಿ ಸೀಮೆಗೆ ಇಳಿದು ಬರುವ ದಿನಗಳಲ್ಲಿ, ಜಾಲಿಯ ಮರೆಯಿಂದ ಒಂದೇ ಒಂದು ಆಡು ತಲೆ ಹಾಕಿದರೂ ಸಾಕು, ಅದರ ಹಿಂದೆ ನೂರಿವೆ ಎಂದರಿತು ಚಾಲಕನ ಕಾಲು ತಾನಾಗಿ ಹಿಂದೆ ಸರಿಯುತ್ತದೆ. ಯಂತ್ರವು ಎದುರಿಗೆ ಬಂದ ಆಡನ್ನು ಕಂಡರೂ ಕಂಡೀತು, ಬರಲಿರುವ ನೂರನ್ನು ಊಹಿಸಲಾರದು. ನೋಡುವುದೆಂದರೆ ಕಂಡದ್ದನ್ನು ಅಳೆಯುವುದಷ್ಟೇ ಅಲ್ಲ, ಕಾಣದ್ದನ್ನು ಊಹಿಸುವುದೂ ಹೌದು. ಯಂತ್ರವು ವಹಿಸಿಕೊಂಡದ್ದು ಅದರಲ್ಲಿ ಮೊದಲ ಪಾಲನ್ನು ಮಾತ್ರ, ಅದನ್ನೂ ಅರ್ಧವಾಗಿ.

ಹಾಗಿದ್ದರೂ ಉಳಿದ ಪಾಲನ್ನು ಚಾಲಕನು ನೋಡಿಕೊಳ್ಳಬಹುದಲ್ಲ, ಕಾಲಿಗೆ ಬಿಡುವು ಸಿಕ್ಕ ಮೇಲೆ ಕಣ್ಣು ಇನ್ನಷ್ಟು ಚುರುಕಾಗಬೇಕಲ್ಲವೆ ಎಂಬುದು ಸಮರ್ಥಕರ ಮುಂದಿನ ಮಾತು. ಕೇಳಲು ಯುಕ್ತವೆನಿಸುವ ಈ ವಾದವನ್ನು ಮನುಷ್ಯನ ಮನಸ್ಸು ಒಪ್ಪುವುದಿಲ್ಲ. ಎರಡನೆಯ ಮಹಾಯುದ್ಧದ ರಾಡಾರ್ ಕಾವಲುಗಾರರು ಹೊತ್ತು ಕಳೆದಂತೆ ಪರದೆಯ ಮೇಲಿನ ಗುರುತುಗಳನ್ನು ತಪ್ಪಿಸಿಕೊಳ್ಳುತ್ತಿದ್ದುದೇಕೆಂದು ತಿಳಿಯಲು ಬ್ರಿಟನ್ನಿನ ನಾರ್ಮನ್ ಮ್ಯಾಕ್‌ವರ್ತ್ ಒಂದು ಪ್ರಯೋಗ ಮಾಡಿದನು. ಹೆಜ್ಜೆಹೆಜ್ಜೆಯಾಗಿ ಸರಿಯುವ ಗಡಿಯಾರದ ಮುಳ್ಳೊಂದು ಎಂದಾದರೊಮ್ಮೆ ಎರಡು ಹೆಜ್ಜೆ ಹಾರಿದಾಗ ಗುಂಡಿ ಒತ್ತಬೇಕು, ಅಷ್ಟೇ ಕೆಲಸ. ಮೊದಲ ಅರ್ಧ ಗಂಟೆ ಕಳೆಯುವುದರೊಳಗೆ ನೋಡುವವರು ತಪ್ಪತೊಡಗಿದರೆಂದು 1948ರಲ್ಲಿ ಅವನು ಪ್ರಕಟಿಸಿದನು. ಏನೂ ಮಾಡದೆ ಸುಮ್ಮನೆ ಕಾಯುವುದು ವಿಶ್ರಾಂತಿಯಲ್ಲ, ಅದು ದುಡಿಮೆಗಳಲ್ಲೆಲ್ಲ ಕಠಿಣವಾದುದು. ಲಿಸಾನ್ ಬೇನ್‌ಬ್ರಿಜ್ ಎಂಬ ಮನಶ್ಶಾಸ್ತ್ರಜ್ಞೆ 1983ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಇದನ್ನು ಸ್ವಯಂಚಾಲನೆಯ ವಿಪರ್ಯಾಸವೆಂದು ವಿವರಿಸಿದಳು: ಸುಲಭದ ಕೆಲಸಗಳನ್ನು ಯಂತ್ರಕ್ಕೆ ಕೊಟ್ಟು, ಯಂತ್ರಕ್ಕೆ ಆಗದ ಕಷ್ಟದ ಗಳಿಗೆಯನ್ನು ಮಾತ್ರ ಮನುಷ್ಯನಿಗೆ ಉಳಿಸಿದಾಗ, ದಿನವೂ ಮಾಡದ ಕೆಲಸವನ್ನು ಅವನು ಅತ್ಯಂತ ಇಕ್ಕಟ್ಟಿನ ಕ್ಷಣದಲ್ಲಿ ಮಾಡಬೇಕಾಗುತ್ತದೆ. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್. ಫಕ್ಕನೆ ಎಚ್ಚೆತ್ತು, ಏನಾಗುತ್ತಿದೆಯೆಂದು ತಿಳಿದು, ಕಾಲನ್ನು ಬ್ರೇಕಿನ ಮೇಲಿಡಲು ಎರಡೇ ಸೆಕೆಂಡು ಹಿಡಿದರೂ ಅಷ್ಟರಲ್ಲಿ ಕಾರು ನಲವತ್ತು ಮೀಟರಿಗಿಂತ ಹೆಚ್ಚು ದೂರ ಹೋಗಿರುತ್ತದೆ.

ಇಲ್ಲಿ ಸಮರ್ಥಕರು ತಮ್ಮ ಬತ್ತಳಿಕೆಯ ದೊಡ್ಡ ಬಾಣವನ್ನು ತೆಗೆಯುತ್ತಾರೆ: ನೂರರಲ್ಲಿ ತೊಂಬತ್ನಾಲ್ಕು ಅಪಘಾತಗಳಿಗೆ ಮನುಷ್ಯನ ತಪ್ಪೇ ಕಾರಣ, ಆದ್ದರಿಂದ ಮನುಷ್ಯನ ಪಾಲು ತಗ್ಗಿದಷ್ಟೂ ಅಪಘಾತ ತಗ್ಗುತ್ತದೆ. ಈ ಅಂಕಿ ಅಮೆರಿಕದ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು 2015ರಲ್ಲಿ ಹೊರತಂದ ಕಿರುವರದಿಯಿಂದ ಬಂದದ್ದು. ಅಪಘಾತಕ್ಕೆ ಮುನ್ನ ನಡೆದ ಘಟನೆಗಳ ಸರಣಿಯಲ್ಲಿ ಕೊನೆಯ ಕೊಂಡಿ ಯಾವುದೆಂದು ಮಾತ್ರ ಅದು ಗುರುತಿಸಿತ್ತು. ಇದನ್ನು ಅಪಘಾತದ ಕಾರಣವೆಂದಾಗಲಿ ತಪ್ಪು ಯಾರದೆಂಬ ತೀರ್ಪೆಂದಾಗಲಿ ಓದಬಾರದೆಂದು ಆ ವರದಿಯೇ ಹೇಳಿದೆ. ಅಂಕಿಯನ್ನು ಹೊತ್ತು ತಂದವರು ಎಚ್ಚರಿಕೆಯನ್ನು ದಾರಿಯಲ್ಲಿ ಬಿಟ್ಟು ಬಂದರು. ಅದಕ್ಕಿಂತ ಮುಖ್ಯವಾಗಿ, ಆಗಿಹೋದ ಅಪಘಾತಗಳನ್ನಷ್ಟೇ ಎಣಿಸುವ ಲೆಕ್ಕದಲ್ಲಿ ಆಗದೆ ಉಳಿದವುಗಳಿಗೆ ಜಾಗವೇ ಇಲ್ಲ. ದಿನವೊಂದಕ್ಕೆ ಈ ಜಿಲ್ಲೆಯ ಟಂಟಂ ಚಾಲಕರು, ಬಸ್ಸು ಚಾಲಕರು, ಬೈಕ್ ಸವಾರರು ಒಬ್ಬರ ತಪ್ಪನ್ನು ಇನ್ನೊಬ್ಬರು ತುಸು ಬ್ರೇಕಿನಿಂದ, ಒಂದು ಹಾರ್ನಿನಿಂದ, ಕಣ್ಸನ್ನೆಯಿಂದ ಎಷ್ಟು ಸಲ ತಿದ್ದಿಕೊಳ್ಳುತ್ತಾರೆಂಬುದಕ್ಕೆ ಯಾವ ಠಾಣೆಯಲ್ಲಿಯೂ ದಾಖಲೆ ಇರುವುದಿಲ್ಲ. ತಪ್ಪು ಮಾಡುವವನೂ ಮನುಷ್ಯನೇ, ತಪ್ಪನ್ನು ಸರಿಪಡಿಸುವವನೂ ಅವನೇ; ಮೊದಲನೆಯವನನ್ನು ಎಣಿಸಿ ಎರಡನೆಯವನನ್ನು ಬಿಟ್ಟ ಲೆಕ್ಕದ ಮೇಲೆ ಯಂತ್ರವನ್ನು ಮಾರುವುದು ಅರ್ಧ ಖಾತೆಯನ್ನು ತೋರಿಸಿ ಸಾಲ ಕೇಳಿದಂತೆ.

ವೈಪರಿನ ವಿಷಯ ಇಷ್ಟು ಗಂಭೀರವಲ್ಲವೆಂದು ತೋರಬಹುದು. ಆದರೆ ಯಂತ್ರದ ಮೇಲಿನ ಭರವಸೆ ಮೊದಲು ಮೊಳೆಯುವುದು ಅಲ್ಲಿಯೇ. ಕನ್ನಡಿಯ ಹಿಂದೆ ಗಾಜಿಗೆ ಅಂಟಿಸಿದ ಸಂವೇದಕವು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಓರೆಯಾಗಿ ಗಾಜಿನೊಳಕ್ಕೆ ಬಿಡುತ್ತದೆ. ಗಾಜು ಒಣಗಿದ್ದರೆ ಬೆಳಕು ಹೊರಮೈಯಿಂದ ಪೂರ್ತಿಯಾಗಿ ಒಳಕ್ಕೆ ಪ್ರತಿಫಲಿಸಿ ಹಿಂದಿರುಗುತ್ತದೆ, ನೀರಿನ ಹನಿ ಇದ್ದಲ್ಲಿ ಒಂದಿಷ್ಟು ಹೊರಗೆ ಸೋರಿಹೋಗುತ್ತದೆ. ಹಿಂದಿರುಗಿದ ಬೆಳಕು ಎಷ್ಟು ಕಡಿಮೆಯಾಯಿತೆಂಬುದರ ಮೇಲೆ ವೈಪರಿನ ವೇಗ ನಿರ್ಧಾರವಾಗುತ್ತದೆ. ಜಾಣ ಉಪಾಯವೇ ಸರಿ. ಆದರೆ ರೋಹಿಣಿಯಿಂದ ಸ್ವಾತಿಯವರೆಗೆ ಪ್ರತಿ ಮಳೆಗೂ ಹೆಸರಿಟ್ಟು ಗುಣ ಹೇಳುವ ರೈತರ ನಾಡಿನಲ್ಲಿ, ಮಳೆಯನ್ನು ಬೆಳಕಿನ ಸೋರಿಕೆಯೆಂದಷ್ಟೇ ಬಲ್ಲ ಯಂತ್ರಕ್ಕೆ ತೊಡಕುಗಳು ಬಹಳ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಈ ಒಣ ಸೀಮೆಯಲ್ಲಿ ಗಾಜಿನ ಮೇಲೆ ಕೂರುವುದು ನೀರಿಗಿಂತ ಹೆಚ್ಚಾಗಿ ಧೂಳು. ಗಿಣಿಗೇರಿ-ಹಾಲವರ್ತಿಗಳ ಸುತ್ತ ಕಬ್ಬಿಣದ ಕಾರ್ಖಾನೆಗಳ ಮಸಿ ಎಷ್ಟು ಬೀಳುತ್ತದೆಯೆಂಬುದು 2025ರ ಫೆಬ್ರವರಿಯಲ್ಲಿ ಹೊಸ ಉಕ್ಕಿನ ಕಾರ್ಖಾನೆಯ ವಿರುದ್ಧ ಕೊಪ್ಪಳದ ಜನ ಅಂಗಡಿ ಮುಚ್ಚಿ ಬೀದಿಗಿಳಿದಾಗ ನಾಡಿಗೆಲ್ಲ ತಿಳಿಯಿತು. ಅಂಥ ಮಸಿಯ ಪದರದ ಮೇಲೆ ನಾಲ್ಕು ಹನಿ ಉದುರಿದೊಡನೆ ವೈಪರ್ ಬೀಸಿದರೆ ಗಾಜು ತೊಳೆಯುವುದಿಲ್ಲ, ಕೆಸರು ಬಳಿದುಕೊಳ್ಳುತ್ತದೆ. ಮೊದಲು ನೀರು ಚಿಮ್ಮಿಸಿ ಆಮೇಲೆ ಬೀಸಬೇಕೆಂಬುದನ್ನು ಹಳೆಯ ಅಂಬಾಸಿಡರ್ ಓಡಿಸಿದವನೂ ಬಲ್ಲನು. ಗಾಜಿಗೆ ಗೀರು ಬೀಳುವುದು ಬೇರೆ ಲೆಕ್ಕ.

ಇಷ್ಟಾದರೂ ಆಟೊಮ್ಯಾಟಿಕ್ ವೈಪರನ್ನು ದೂರುವುದು ಈ ಲೇಖನದ ಉದ್ದೇಶವಲ್ಲ, ಏಕೆಂದರೆ ಅದರ ತಪ್ಪಿನಲ್ಲಿ ಒಂದು ಪ್ರಾಮಾಣಿಕತೆಯಿದೆ. ವೈಪರ್ ತಪ್ಪಿದರೆ ತಪ್ಪು ಚಾಲಕನ ಕಣ್ಣೆದುರಿನ ಗಾಜಿನ ಮೇಲೆಯೇ ಆಗುತ್ತದೆ. ಅದನ್ನು ಕಾಣದೆ ಇರಲು ಸಾಧ್ಯವಿಲ್ಲ, ಕಂಡೊಡನೆ ಕೈ ಸನ್ನೆಗೋಲಿಗೆ ಹೋಗುತ್ತದೆ. ಕ್ರೂಸ್ ಕಂಟ್ರೋಲ್ ತಪ್ಪಿದಾಗ ಹಾಗಲ್ಲ. ನಿಂತ ಟ್ರಾಲಿಯನ್ನು ಅದು ಗುರುತಿಸಿದ್ದರೂ ಗುರುತಿಸದಿದ್ದರೂ ಕೊನೆಯ ಗಳಿಗೆಯವರೆಗೆ ಕಾರು ಒಂದೇ ಬಗೆಯ ನಿರಾಳತೆಯಿಂದ ಸಾಗುತ್ತಿರುತ್ತದೆ. ತಪ್ಪು ತಿಳಿಯುವ ಹೊತ್ತಿಗೆ ತಿದ್ದುವ ಹೊತ್ತು ಮೀರಿರುತ್ತದೆ. ಹೀಗೆ ಸ್ವಭಾವದಲ್ಲಿಯೇ ಬೇರೆಯಾದ ಎರಡನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿ, ವೈಪರಿನಲ್ಲಿ ಗಳಿಸಿದ ವಿಶ್ವಾಸವನ್ನು ವೇಗದ ಖಾತೆಗೆ ಜಮಾ ಮಾಡಿಸುವುದು ಮಾರುಕಟ್ಟೆಯ ಚಾತುರ್ಯ. ಇವೆರಡೂ ಎದುರುಬದುರಾಗುವ ಸಂದರ್ಭವೂ ಒಂದುಂಟು. ಬಿರುಮಳೆಯಲ್ಲಿ ವೈಪರ್ ತನ್ನೆಲ್ಲ ಶಕ್ತಿಯಿಂದ ಬೀಸುತ್ತಿರುವಾಗ ಕ್ಯಾಮೆರಾಕ್ಕೆ ದಾರಿ ಮಸುಕಾಗಿ, ಕೆಸರು ಮೆತ್ತಿದ ರಾಡಾರಿಗೆ ದಿಕ್ಕು ತಪ್ಪಿ, ಕ್ರೂಸ್ ಕಂಟ್ರೋಲ್ ಒಂದು ಸದ್ದು ಮಾಡಿ ಕೆಲಸ ಬಿಟ್ಟುಕೊಡುತ್ತದೆ. ಹಗಲು ಬೆಳಕಿನ ಒಣರಸ್ತೆಯಲ್ಲಿ ದುಡಿದು, ಮಳೆ ಬಂದೊಡನೆ ರಜೆ ಹಾಕುವ ಆಳನ್ನು ಯಾವ ರೈತನೂ ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳುವುದಿಲ್ಲ.

ಇನ್ನು ರಸ್ತೆಯದೇ ತಪ್ಪೆಂಬ ಮಾತು. ಕುಣಿಯಲು ಬಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆ ಈ ವಾದವನ್ನು ಅರ್ಧ ತಳ್ಳಿಹಾಕಿದೆ. ಉಳಿದರ್ಧವನ್ನು ನೆಲವೇ ತಳ್ಳಿಹಾಕುತ್ತದೆ. ಕುಷ್ಟಗಿ-ಯಲಬುರ್ಗಾಗಳ ಒಳರಸ್ತೆಗಳಲ್ಲಿ ಸಜ್ಜೆ, ಹುರುಳಿ, ನವಣೆಯ ಪೈರನ್ನು ಡಾಂಬರಿನ ಮೇಲೆ ಹರಡಿ, ಓಡಾಡುವ ವಾಹನಗಳ ಗಾಲಿಯಿಂದಲೇ ರಾಶಿ ಮಾಡಿಕೊಳ್ಳುವ ರೂಢಿ ಬಹಳ ಕಾಲದ್ದು. ಅದು ಅಪಾಯಕಾರಿಯೆಂದು ಅಧಿಕಾರಿಗಳು ವರ್ಷವರ್ಷವೂ ಎಚ್ಚರಿಸುತ್ತಾರೆ, ಎಚ್ಚರಿಕೆ ಸರಿಯಾದುದೇ. ಆದರೂ ಕಣ ಮಾಡಲು ಜಾಗವಿಲ್ಲದ, ರಾಶಿ ಯಂತ್ರಕ್ಕೆ ಬಾಡಿಗೆ ಕೊಡಲು ಕೈ ಸಾಲದ ಚಿಕ್ಕ ಹಿಡುವಳಿದಾರನ ಇಕ್ಕಟ್ಟನ್ನು ಅದೇ ರಸ್ತೆ ಹೊತ್ತಿದೆ. ಹುಣ್ಣಿಮೆಗೆ, ಮಂಗಳವಾರಕ್ಕೆ, ಶುಕ್ರವಾರಕ್ಕೆ ಹುಲಿಗೆಮ್ಮನ ದರ್ಶನಕ್ಕೆ ಬರಿಗಾಲಲ್ಲಿ ನಡೆದು ಬರುವವರು ಮುನಿರಾಬಾದಿನ ಅಂಚಿನಲ್ಲಿ ರಸ್ತೆ ತುಂಬಿರುತ್ತಾರೆ. ಡಿಸೆಂಬರಿನಲ್ಲಿ ಅಂಜನಾದ್ರಿಗೆ ಮಾಲೆ ಧರಿಸಿ ಹೋಗುವವರೂ ಹಾಗೆಯೇ. ಇವರು ರಸ್ತೆಗೆ ಬಂದ ಅಡ್ಡಿಗಳಲ್ಲ. ಕಾರುಗಳಿಗಿಂತ ಮೊದಲು ಈ ದಾರಿಯನ್ನು ಸವೆಸಿದವರು.

ರಸ್ತೆ ಹೀಗಿರಬೇಕೆಂದು ಯಂತ್ರವು ಮುಂದಾಗಿಯೇ ಕಲ್ಪಿಸಿಕೊಂಡರೆ ಏನಾಗುತ್ತದೆಂಬುದಕ್ಕೆ ನಿದರ್ಶನ ಡೊಂಕು ನೆಲದಲ್ಲಲ್ಲ, ಗೆರೆ ಎಳೆದಂಥ ರಸ್ತೆಗಳ ಅಮೆರಿಕದಲ್ಲಿಯೇ ಸಿಕ್ಕಿತು. 2018ರ ಮಾರ್ಚಿನಲ್ಲಿ ಅರಿಜೋನಾದ ಟೆಂಪೆ ಎಂಬಲ್ಲಿ ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬಳು ಪರೀಕ್ಷೆಗೆಂದು ಓಡಿಸುತ್ತಿದ್ದ ಸ್ವಯಂಚಾಲಿತ ಕಾರಿಗೆ ಸಿಕ್ಕಿ ಸತ್ತಳು. ದಾಟುಪಟ್ಟಿಯಿಲ್ಲದ ಕಡೆ ಪಾದಚಾರಿ ದಾಟಬಹುದೆಂಬ ಸಾಧ್ಯತೆಯನ್ನೇ ಆ ವ್ಯವಸ್ಥೆಯ ವಿನ್ಯಾಸ ಗಣಿಸಿರಲಿಲ್ಲವೆಂದು ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಕಂಡುಕೊಂಡಿತು. ಕಾಯಲೆಂದು ಒಳಗೆ ಕೂತಿದ್ದ ಚಾಲಕಿಯ ಕಣ್ಣು ಆ ಹೊತ್ತಿಗೆ ಫೋನಿನ ಮೇಲಿತ್ತು. ಅದು ಕ್ರೂಸ್ ಕಂಟ್ರೋಲಿಗಿಂತ ಬಹಳ ಮುಂದುವರಿದ ಯಂತ್ರವೆಂಬುದನ್ನು ಗಮನಿಸಿದರೆ, ಪಟ್ಟಿಯ ಹೊರಗೆ ದಾಟುವುದೇ ವಾಡಿಕೆಯಾಗಿರುವ ನಾಡಿನಲ್ಲಿ ರಸ್ತೆಯನ್ನು ದೂಷಿಸುವವರ ಧೈರ್ಯಕ್ಕೆ ಬೆರಗಾಗಬೇಕಾಗುತ್ತದೆ.

ಈ ದೂಷಣೆಯ ಕೆಳಗೆ ಇನ್ನೊಂದು ಪ್ರಶ್ನೆ ಅಡಗಿದೆ: ಸುಖ ಯಾರದು, ಅಪಾಯ ಯಾರದು? ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44.5ರಷ್ಟು ಜನ ದ್ವಿಚಕ್ರ ವಾಹನದವರು, 19.5ರಷ್ಟು ಜನ ಪಾದಚಾರಿಗಳು. ಅಂದರೆ ಸಾಯುವವರಲ್ಲಿ ಮೂರರಲ್ಲಿ ಎರಡು ಪಾಲಿಗೆ ತುಸು ಕಡಿಮೆ ಜನ, ರಾಡಾರಿಗೆ ಗುರುತು ಹಿಡಿಯಲು ಲಾರಿ-ಕಾರುಗಳಿಗಿಂತ ಕಷ್ಟವಾದ ಗುಂಪಿಗೆ ಸೇರಿದವರು. ಸಪೂರವಾದ ಬೈಕು ಪಥದ ಅಂಚಿನಲ್ಲಿ ಸಾಗುವಾಗ, ತಿರುವಿನಲ್ಲಿ ರಾಡಾರಿನ ದೃಷ್ಟಿ ಹೊರಕ್ಕೆ ಸರಿದಾಗ, ಯಂತ್ರವು ಮುಂದೆ ಯಾರೂ ಇಲ್ಲವೆಂದು ತಿಳಿದು ವೇಗ ಹೆಚ್ಚಿಸಿಕೊಳ್ಳಬಹುದೆಂದು ಕೈಪಿಡಿಗಳು ಒಪ್ಪಿಕೊಳ್ಳುತ್ತವೆ. ಒಳಗಿರುವವನ ಮೊಣಕಾಲಿಗೆ ಸಿಕ್ಕ ಬಿಡುವಿನ ಬೆಲೆಯನ್ನು ಹೊರಗಿರುವವನು ತೆರಬೇಕೆನ್ನುವ ವ್ಯಾಪಾರಕ್ಕೆ ಸುರಕ್ಷತೆಯೆಂದು ಹೆಸರಿಟ್ಟಿರುವುದು ಸಾಮಾನ್ಯ ಪ್ರಮಾದವಲ್ಲ.

ಸುರಕ್ಷತೆಯ ಹೆಸರಿಗೆ ಯೋಗ್ಯವಾದ ಸಲಕರಣೆ ಅದೇ ಕಾರಿನಲ್ಲಿ ಬೇರೆಯೇ ಇದೆ. ಡಿಕ್ಕಿ ತಪ್ಪದೆಂದು ತೋರಿದಾಗ ಮಾತ್ರ ತಾನಾಗಿ ಬ್ರೇಕು ಹಾಕುವ ತುರ್ತು ಬ್ರೇಕ್ ವ್ಯವಸ್ಥೆ, ಚಾಲಕನು ಓಡಿಸುತ್ತಿರುವಷ್ಟು ಹೊತ್ತೂ ಹಿಂದೆ ಸುಮ್ಮನಿದ್ದು, ಅವನು ತಪ್ಪಿದಾಗ ನೆರವಿಗೆ ಬರುತ್ತದೆ; ಕ್ರೂಸ್ ಕಂಟ್ರೋಲ್ ತಾನು ಓಡಿಸುತ್ತ, ತಾನು ತಪ್ಪಿದಾಗ ಚಾಲಕನು ನೆರವಿಗೆ ಬರಬೇಕೆಂದು ಬಯಸುತ್ತದೆ. ಕಾವಲುಗಾರನೂ ಕಾಯಿಸಿಕೊಳ್ಳುವವನೂ ಅದಲುಬದಲಾದ ಈ ಎರಡು ಏರ್ಪಾಡುಗಳನ್ನು ಚಾಲಕನ ನೆರವಿನ ವ್ಯವಸ್ಥೆಗಳು ಎಂಬ ಅರ್ಥದ ‘ಅಡಾಸ್’ ಎಂಬ ಒಂದೇ ಗಂಟಿನಲ್ಲಿ ಕಟ್ಟಿ ಕೊಡಲಾಗುತ್ತಿದೆ. ನಸುಕಿನಲ್ಲಿ ಹೊಸಪೇಟೆಯಿಂದ ಚಿತ್ರದುರ್ಗದವರೆಗಿನ ಖಾಲಿ ಹೆದ್ದಾರಿಯಲ್ಲಿ, ಮಂಡಿನೋವಿನ ಹಿರಿಯರೊಬ್ಬರಿಗೆ ಕ್ರೂಸ್ ಕಂಟ್ರೋಲ್ ಸುಖ ಕೊಡುತ್ತದೆಂಬುದನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ತಂಪು ಗಾಳಿ ಬೀಸುವ ಸೀಟೂ ಸುಖ ಕೊಡುತ್ತದೆ, ಅದನ್ನು ಯಾರೂ ಜೀವರಕ್ಷಕವೆಂದು ಕರೆದಿಲ್ಲ.

ತಯಾರಕರ ಕಾನೂನು ತಜ್ಞರಿಗೆ ಈ ಭೇದ ಚೆನ್ನಾಗಿ ಗೊತ್ತಿದೆ. ಯಾವ ಕೈಪಿಡಿಯನ್ನು ತೆರೆದರೂ ಇದು ಅನುಕೂಲಕ್ಕಾಗಿ ಇರುವ ಸಲಕರಣೆ, ಹೊಣೆ ಸದಾ ಚಾಲಕನದು, ಇಕ್ಕಟ್ಟಾದ, ತಿರುವುಗಳ, ಜನ ಸಂಚರಿಸುವ ರಸ್ತೆಗಳಲ್ಲಿ, ಜೋರು ಮಳೆಯಲ್ಲಿ ಬಳಸಬಾರದೆಂಬ ಅರ್ಥದ ಸಾಲುಗಳು ಸಿಗುತ್ತವೆ. ಆ ಷರತ್ತುಗಳನ್ನು ಒಂದೊಂದಾಗಿ ಪಾಲಿಸಿದರೆ ಗಂಗಾವತಿಯ ಮನೆಯಿಂದ ಹೊರಟ ಕಾರಿನಲ್ಲಿ ಮುನಿರಾಬಾದಿನ ಸೇತುವೆಯವರೆಗೂ ಆ ಗುಂಡಿಯನ್ನು ಒತ್ತುವ ಸಂದರ್ಭವೇ ಬರುವುದಿಲ್ಲ. ಮಳಿಗೆಯಲ್ಲಿ ಕನ್ನಡದಲ್ಲಿ ಮಾತಾಡಿ, ಕನ್ನಡದಲ್ಲಿ ಚೌಕಾಸಿ ನಡೆಸಿ, ಕನ್ನಡದ ಅರಿಸಿನ-ಕುಂಕುಮದೊಡನೆ ಕೀಲಿಕೈ ಕೊಡುವ ಈ ವ್ಯಾಪಾರದಲ್ಲಿ ಕೈಪಿಡಿಯೊಂದು ಮಾತ್ರ ಬಹುಪಾಲು ಇಂಗ್ಲಿಷಿನಲ್ಲಿಯೇ ಉಳಿದು, ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಮಲಗಿರುತ್ತದೆ.